ಕಡಲ್ಗಳ್ಳರಿಗೆ ಕಾನೂನಿದೆ, ಕರೆಗಳ್ಳರಿಗೆ?

ಮಧ್ಯಾಹ್ನದ ಹೊತ್ತು. ಮನೆಯಲ್ಲಿ ನಿವೃತ್ತ ಶಿಕ್ಷಕರು ಮತ್ತು ಅವರ ಪತ್ನಿ ಇಬ್ಬರೇ. ಮೊಬೈಲ್ ರಿಂಗಣಿಸುತ್ತದೆ. ಮುಂಬೈ ಪೊಲೀಸ್ ಎಂದು ಪರಿಚಯಿಸಿಕೊಂಡ ಧ್ವನಿಯೊಂದು, ನಿಮ್ಮ ಆಧಾರ್ ಸಂಖ್ಯೆಯ ಮೇಲೆ ವಿದೇಶಕ್ಕೆ ಹೊರಟಿದ್ದ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎನ್ನುತ್ತದೆ. ಹೆಸರು ಮುಸ್ಲಿಮರದ್ದು ಎಂದು ತಿಳಿದೊಡನೆ ಕಥೆಗೆ ಇನ್ನೊಂದು ಎಳೆ ಸೇರುತ್ತದೆ: ನಿಮ್ಮ ಖಾತೆಯಿಂದ ಉಗ್ರರಿಗೆ ಹಣ ಹೋಗಿದೆ. ಬಳಿಕ ವೀಡಿಯೊ ಕರೆ, ಖಾಕಿ ಸಮವಸ್ತ್ರ, ಹಿಂದೆ ಅಶೋಕ ಸ್ತಂಭದ ಲಾಂಛನ. 'ನೀವು ಡಿಜಿಟಲ್ ಬಂಧನದಲ್ಲಿದ್ದೀರಿ, ಕ್ಯಾಮೆರಾದ ಮುಂದಿನಿಂದ ಏಳಕೂಡದು, ಮಗನಿಗೂ ಹೇಳಕೂಡದು.' ಸಂಜೆಯೊಳಗೆ ನಿವೃತ್ತಿಯ ಗಂಟು ಖಾಲಿ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಯಾವ ಮನೆಗೂ ಈ ಕರೆ ಬರಬಹುದು. ಹಿಂದೂ ಮನೆಗೂ ಬರುತ್ತದೆ, ಲಿಂಗಾಯತ ರೈತನ ಮನೆಗೂ ಬರುತ್ತದೆ. ಕಳ್ಳನಿಗೆ ಧರ್ಮಭೇದವಿಲ್ಲ. ಆದರೆ ಒಂದು ಸತ್ಯವನ್ನು ನಾವು ಮುಚ್ಚಿಡಬಾರದು. ಈ ಕರೆಗೆ ಬಂಡವಾಳ ಭಯ. ಪೊಲೀಸ್ ಎಂಬ ಪದ ಕೇಳಿದೊಡನೆ ನಮ್ಮ ಮನೆಗಳಲ್ಲಿ ಮೊದಲು ನಡುಗುವುದು ತಾಯಂದಿರ ಎದೆ. ಅದಕ್ಕೆ ಕಾರಣವಿದೆ. 2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿಯಲ್ಲಿ ನಡೆದುದನ್ನು ಈ ಜಿಲ್ಲೆಯ ಯಾರೂ ಮರೆತಿಲ್ಲ. ತಿರುಚಿದ ಚಿತ್ರವೊಂದನ್ನು ಯಾರೋ ಹರಿಬಿಟ್ಟುದರಿಂದ ಆರಂಭವಾದ ಆಕ್ರೋಶವು ಪೊಲೀಸ್ ಠಾಣೆಯ ಮೇಲಿನ ಕಲ್ಲೆಸೆತವಾಯಿತು. ಕಲ್ಲೆಸೆದವರನ್ನು ನಾವು ಸಮರ್ಥಿಸುವುದಿಲ್ಲ. ಆದರೆ ನೂರಕ್ಕೂ ಹೆಚ್ಚು ಮಂದಿಯನ್ನು ಬಂಧಿಸಿ, ಯುಎಪಿಎಯಂತಹ ಕಠೋರ ಕಾನೂನನ್ನು ಹೇರಿದಾಗ, 'ನಿಮ್ಮ ಮಗನ ಹೆಸರು ಪಟ್ಟಿಯಲ್ಲಿದೆ' ಎಂಬ ಒಂದು ವಾಕ್ಯಕ್ಕೆ ಎಂತಹ ಬೆಲೆ ಬಂದಿತೆಂಬುದನ್ನು ವಂಚಕರು ಚೆನ್ನಾಗಿ ಬಲ್ಲರು. ಆಳುವವರು ಬಿತ್ತಿದ ಭಯದ ಬೆಳೆಯನ್ನು ಕಳ್ಳರು ಕೊಯ್ಯುತ್ತಿದ್ದಾರೆ.

ಅಷ್ಟಕ್ಕೂ ಈ ದೇಶದ ಯಾವ ಕಾನೂನಿನಲ್ಲೂ 'ಡಿಜಿಟಲ್ ಬಂಧನ' ಎಂಬುದಿಲ್ಲ. ಬಂಧಿಸುವ ಅಧಿಕಾರಿ ಎದುರಿಗೆ ನಿಂತು ತನ್ನ ಗುರುತು ತೋರಿಸಬೇಕು, ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು. ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಈ ನಿಯಮಗಳನ್ನು ಸ್ಪಷ್ಟಗೊಳಿಸಿ ದಶಕಗಳೇ ಕಳೆದಿವೆ. ವಿಚಾರಣೆಗೆ ಕರೆಯುವ ನೋಟಿಸನ್ನು ವಾಟ್ಸಾಪಿನಲ್ಲಿ ಕಳುಹಿಸಿದರೆ ಅದು ಸಿಂಧುವಲ್ಲವೆಂದು 2025ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಮನೆಯವರಿಗೆ ತಿಳಿಸುವುದು ನಿಜವಾದ ಪೊಲೀಸರ ಕರ್ತವ್ಯ. ಯಾರಿಗೂ ಹೇಳಬೇಡಿ ಎನ್ನುವವನು ಕಳ್ಳ. ಇಷ್ಟನ್ನು ನಮ್ಮ ಹಿರಿಯರಿಗೆ ತಿಳಿಸಲು ಪದವಿಯ ಅಗತ್ಯವೇನೂ ಇಲ್ಲ.

2024ರ ಅಕ್ಟೋಬರ್ 27ರಂದು ಪ್ರಧಾನಮಂತ್ರಿಯವರು ತಮ್ಮ ಬಾನುಲಿ ಭಾಷಣದಲ್ಲಿ ಇಂತಹ ಕರೆಯೊಂದರ ಧ್ವನಿಮುದ್ರಣವನ್ನು ದೇಶಕ್ಕೆ ಕೇಳಿಸಿದರು. ಆ ಕರೆ ಬಂದದ್ದು ನಮ್ಮದೇ ಉತ್ತರ ಕರ್ನಾಟಕದ ವಿಜಯಪುರದವರೊಬ್ಬರಿಗೆ. ಜನರು ಎಚ್ಚರದಿಂದಿರಬೇಕೆಂದು ಪ್ರಧಾನಿಯವರು ಉಪದೇಶಿಸಿದರು. ಸರಿ. ಆದರೆ ಎಚ್ಚರವಾಗಿರಬೇಕಾದವರು ಜನರು ಮಾತ್ರವೇ? ಆ ಒಂದೇ ವರ್ಷದಲ್ಲಿ ಸೈಬರ್ ವಂಚನೆಯಿಂದ ಭಾರತೀಯರು ಕಳೆದುಕೊಂಡ ಮೊತ್ತ 22,845 ಕೋಟಿ ರೂಪಾಯಿ ಎಂದು ಸರಕಾರವೇ ಸಂಸತ್ತಿಗೆ ತಿಳಿಸಿದೆ. ಅದರ ಹಿಂದಿನ ವರ್ಷದ ಮೂರು ಪಟ್ಟು.

ಇಲ್ಲಿ ಒಂದು ಹೋಲಿಕೆಯನ್ನು ಓದುಗರ ಮುಂದಿಡಬಯಸುತ್ತೇವೆ. 2024ರ ಮಾರ್ಚ್‌ನಲ್ಲಿ ನಮ್ಮ ನೌಕಾಪಡೆಯ ಐಎನ್ಎಸ್ ಕೋಲ್ಕತಾ ಭಾರತದ ತೀರದಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ 'ರುಯೆನ್' ಎಂಬ ಹಡಗನ್ನು ಬೆನ್ನಟ್ಟಿ, 35 ಮಂದಿ ಸೊಮಾಲಿ ಕಡಲ್ಗಳ್ಳರನ್ನು ಸೆರೆಹಿಡಿದು ಮುಂಬೈಗೆ ತಂದಿತು. ಹಡಗು ನಮ್ಮದಲ್ಲ, ಕಳ್ಳರು ನಮ್ಮವರಲ್ಲ, ನೀರೂ ನಮ್ಮದಲ್ಲ. ಆದರೂ ಸಾಧ್ಯವಾಯಿತು. ಏಕೆಂದರೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ ಪ್ರಕಾರ, ಯಾವ ದೇಶಕ್ಕೂ ಸೇರದ ಕಡಲಿನಲ್ಲಿ ಕಡಲ್ಗಳ್ಳರ ಹಡಗನ್ನು ಯಾವ ರಾಷ್ಟ್ರವೂ ವಶಪಡಿಸಿಕೊಂಡು ತನ್ನದೇ ನ್ಯಾಯಾಲಯದಲ್ಲಿ ವಿಚಾರಣೆ ನಡೆಸಬಹುದು. ಭಾರತವು 2022ರಲ್ಲಿ ಅದಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೂ ಮಾಡಿತು. ವರ್ತಕರ ಸರಕಿಗೆ ಅಪಾಯ ಬಂದಾಗ ಜಗತ್ತಿನ ಕಾನೂನಿಗೆ ಕಣ್ಣೂ ಇದೆ, ಕಾಲೂ ಇದೆ. ನವಲಗುಂದದ ಜಮಖಾನದ ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕುಳಿತು ಮಗಳ ಮದುವೆಗೆಂದು ಕೂಡಿಟ್ಟ ಹಣ ಮಾಯವಾದರೆ?

ಆಗ ಪತ್ರ ವ್ಯವಹಾರ ಆರಂಭವಾಗುತ್ತದೆ. ಹಣವು ಹತ್ತಾರು ಖಾತೆಗಳಿಗೆ ಹಂಚಿಹೋಗಿ, ಕ್ರಿಪ್ಟೊ ಕರೆನ್ಸಿಯಾಗಿ ಗಡಿ ದಾಟಲು ಕೆಲವೇ ಗಂಟೆಗಳು ಸಾಕು. ಅದರ ಜಾಡು ಕೇಳುವ ಪತ್ರವು ಠಾಣೆಯಿಂದ ನ್ಯಾಯಾಲಯಕ್ಕೆ, ಅಲ್ಲಿಂದ ದೆಹಲಿಗೆ, ದೆಹಲಿಯಿಂದ ಇನ್ನೊಂದು ದೇಶದ ರಾಜಧಾನಿಗೆ ತಲುಪಲು ತಿಂಗಳುಗಳು ಬೇಕು. 2001ರ ಬುಡಾಪೆಸ್ಟ್ ಒಡಂಬಡಿಕೆಗೆ ಭಾರತ ಸೇರಲಿಲ್ಲ. ಕರಡು ರೂಪಿಸುವಾಗ ತನ್ನನ್ನು ಕೇಳಲಿಲ್ಲವೆಂಬ ಆಕ್ಷೇಪದಲ್ಲಿ ಹುರುಳಿದೆ. 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯೇ ಸೈಬರ್ ಅಪರಾಧದ ವಿರುದ್ಧ ಒಡಂಬಡಿಕೆಯನ್ನು ಅಂಗೀಕರಿಸಿತು. 2025ರ ಅಕ್ಟೋಬರ್‌ನಲ್ಲಿ ಹನೋಯಿ ನಗರದಲ್ಲಿ ಸಹಿ ಸಮಾರಂಭ ನಡೆದಾಗ ಭಾರತ ಅಲ್ಲಿಯೂ ಸಹಿ ಹಾಕಲಿಲ್ಲ. ಈ ಒಡಂಬಡಿಕೆಯ ಹೆಸರಿನಲ್ಲಿ ಸರಕಾರಗಳು ಪತ್ರಕರ್ತರ ಮತ್ತು ವಿರೋಧಿಗಳ ಬೇಹುಗಾರಿಕೆ ನಡೆಸಬಹುದೆಂದು ಮಾನವ ಹಕ್ಕು ಸಂಘಟನೆಗಳು ಎಚ್ಚರಿಸಿವೆ. ಆ ಆತಂಕ ನಮಗೂ ಇದೆ. ಆದರೆ ಅದಕ್ಕೆ ಪರಿಹಾರ, ಮಾಹಿತಿ ಹಂಚಿಕೆಗೆ ನ್ಯಾಯಾಲಯದ ಅನುಮತಿ ಕಡ್ಡಾಯವೆಂಬ ಷರತ್ತನ್ನು ಇಲ್ಲಿನ ಕಾನೂನಿನಲ್ಲಿ ಬರೆದು ಒಳಗೆ ಹೋಗುವುದೇ ಹೊರತು ಹೊಸ್ತಿಲಲ್ಲಿ ಕೈಕಟ್ಟಿ ನಿಲ್ಲುವುದಲ್ಲ.

ಕರೆ ಮಾಡುವವನಾದರೂ ಯಾರು? ಮ್ಯಾನ್ಮಾರ್ ಮತ್ತು ಕಾಂಬೋಡಿಯಾದ ಮುಳ್ಳುಬೇಲಿಯ ಆವರಣಗಳಲ್ಲಿ ಕನಿಷ್ಠ ಎರಡು ಲಕ್ಷ ಮಂದಿ ಬಲವಂತಕ್ಕೊಳಗಾಗಿ ವಂಚನೆಯ ಕೆಲಸ ಮಾಡುತ್ತಿರಬಹುದೆಂದು 2023ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಅಂದಾಜಿಸಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಥಾಯ್ಲೆಂಡ್ ಮೂಲಕ 549 ಭಾರತೀಯರನ್ನು ಅಲ್ಲಿಂದ ಕರೆತರಲಾಯಿತು. ಡಾಟಾ ಎಂಟ್ರಿ ಕೆಲಸ, ಡಾಲರ್ ಸಂಬಳ ಎಂದು ನಂಬಿಸಿ, ಪ್ರವಾಸಿ ವೀಸಾದಲ್ಲಿ ಒಯ್ದು, ಪಾಸ್‌ಪೋರ್ಟ್ ಕಿತ್ತುಕೊಳ್ಳುವುದು ಇವರ ಪದ್ಧತಿ. ಗಲ್ಫ್ ಏಜೆಂಟರ ಕಹಿಯನ್ನು ಎರಡು ತಲೆಮಾರು ಉಂಡ ನಮಗೆ ಈ ಕಥೆ ಹೊಸದೇ? 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಳ್ಳದವನಿಗೆ ಜನರನ್ನು ವಿದೇಶಿ ಕೆಲಸಕ್ಕೆ ಕಳುಹಿಸುವ ಹಕ್ಕಿಲ್ಲ. ಆತ ದೂರದ ಸಂಬಂಧಿಯೇ ಆಗಿರಲಿ, ನೋಂದಣಿ ಸಂಖ್ಯೆ ಕೇಳಲು ಸಂಕೋಚವೇಕೆ?

ಈಗ ನಮ್ಮದೇ ಅಂಗಳದ ಕಸದ ಮಾತು. ದೂರದ ದೇಶದ ಕಳ್ಳನಿಗೆ ಇಲ್ಲಿನ ಬ್ಯಾಂಕ್ ಖಾತೆ ಇಲ್ಲದೆ ಒಂದು ರೂಪಾಯಿಯನ್ನೂ ಕದಿಯಲಾಗದು. ಆ ಖಾತೆಯನ್ನು ಒದಗಿಸುವವರು ನಮ್ಮ ನಡುವಿನ ಹುಡುಗರು. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಒಪ್ಪಿಸಿದರೆ ಕೈಗೆ ಕೆಲವು ಸಾವಿರ. 'ನಾನೇನು ಕದ್ದೆನೇ, ಖಾತೆಯನ್ನಷ್ಟೇ ಕೊಟ್ಟೆ' ಎಂಬ ವಾದವನ್ನು ನಾವೇ ಕಿವಿಯಾರೆ ಕೇಳಿದ್ದೇವೆ. ಬಡ್ಡಿ ಹರಾಮ್ ಎಂದು ಬ್ಯಾಂಕಿನ ಬಡ್ಡಿಯನ್ನು ಮುಟ್ಟಲು ಹಿಂಜರಿಯುವ ಮನೆಯ ಮಗ, ಒಬ್ಬ ವಿಧವೆಯ ಉಳಿತಾಯ ತನ್ನ ಖಾತೆಯ ಮೂಲಕ ಹರಿದುಹೋಗಲು ಬಿಟ್ಟು, ಅದರ ದಲ್ಲಾಳಿ ಹಣದಲ್ಲಿ ಹಬ್ಬಕ್ಕೆ ಬಟ್ಟೆ ತಂದರೆ ಅದು ಹಲಾಲ್ ಆಗುತ್ತದೆಯೇ? ಪೊಲೀಸರು ಮೊದಲು ಬಂದು ನಿಲ್ಲುವುದೂ ಅವನ ಬಾಗಿಲಿಗೇ. ದೂರದ ದೊಡ್ಡ ಕಳ್ಳ ಸಿಗುವುದಿಲ್ಲ, ಇವನು ಸಿಗುತ್ತಾನೆ. ಆಗ 'ಸಮುದಾಯಕ್ಕೆ ಅನ್ಯಾಯ' ಎಂದು ಕೂಗುವ ನೈತಿಕ ಹಕ್ಕು ನಮಗಿರುವುದಿಲ್ಲ.

ಇನ್ನು ಹಣ ಕಳೆದುಕೊಂಡವರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುವುದು. ಅಳಿಯನಿಗೆ ಗೊತ್ತಾದೀತು, ಓಣಿಯವರು ನಕ್ಕಾರು ಎಂಬ ಅಂಜಿಕೆಯಲ್ಲಿ ಮೊದಲ ಒಂದೆರಡು ಗಂಟೆಗಳು ಕಳೆದುಹೋಗುತ್ತವೆ. 1930 ಸಂಖ್ಯೆಗೆ ಕೂಡಲೇ ಕರೆ ಮಾಡಿದರೆ ಹಣವನ್ನು ಮಧ್ಯದ ಖಾತೆಯಲ್ಲೇ ತಡೆಹಿಡಿಯುವ ಅವಕಾಶವಿರುತ್ತದೆ. ಮರುದಿನಕ್ಕೆ ಆ ಅವಕಾಶ ಬಹುಮಟ್ಟಿಗೆ ಇರುವುದಿಲ್ಲ. ಊರೂರಿನ ಅಂಜುಮನ್‌ಗಳು ಜುಮಾ ನಮಾಝಿನ ಬಳಿಕ ಐದು ನಿಮಿಷವನ್ನು ಇದಕ್ಕಾಗಿ ಕೊಡಲಿ. ಹೆಣ್ಣುಮಕ್ಕಳ ಸಭೆಗಳಲ್ಲಿ ಕಾಲೇಜಿನ ನಮ್ಮ ಹುಡುಗಿಯರೇ ತಾಯಂದಿರಿಗೆ ಹೇಳಿಕೊಡಲಿ.

2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಡಿಜಿಟಲ್ ಬಂಧನದ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಸ್ವಾಗತಾರ್ಹ. ಆದರೆ ಅಣ್ಣಿಗೇರಿಯಲ್ಲಿ ಕಡಲೆ ಮಾರಿದ ಹಣ ಕಳೆದುಕೊಂಡವನು ಮೊದಲು ಹೋಗುವುದು ಸಿಬಿಐಗಲ್ಲ, ತನ್ನ ಊರಿನ ಠಾಣೆಗೆ. ಅಪರಾಧ ಎಲ್ಲಿಯೇ ನಡೆದಿರಲಿ, ದೂರನ್ನು ದಾಖಲಿಸಿಕೊಳ್ಳಬೇಕೆಂದು 2024ರ ಜುಲೈಯಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. 'ಇದು ಇಲ್ಲಿ ಆಗುವುದಿಲ್ಲ, ಧಾರವಾಡಕ್ಕೆ ಹೋಗಿ' ಎಂದು ಹೇಳಿದರೆ, ಅದನ್ನು ಬರಹದಲ್ಲಿ ಕೊಡುವಂತೆ ಕೇಳಿರಿ. ಒಬ್ಬರೇ ಹೋಗಬೇಡಿ, ಅಂಜುಮನ್‌ನ ಇಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರಿ.