ಠಾಣೆಯ ಹಾಳೆ ಕೋರ್ಟಿಗೇಕೆ ಬರಬೇಕು?

ಈ ವಾರವೂ ಅದೇ ಶೀರ್ಷಿಕೆ: ‘ರೌಡಿಶೀಟರ್‌ಗೆ ಜಾಮೀನು ಇಲ್ಲ’. ಸುದ್ದಿ ನೀವೂ ಓದಿರುತ್ತೀರಿ. ಈಗಿನ ಆರೋಪವೇನು, ಕಣ್ಣಾರೆ ಕಂಡವರು ಯಾರು ಎಂಬುದು ಕೊನೆಯ ಎರಡು ಸಾಲಿನಲ್ಲಿತ್ತು. ಸರ್ಕಾರಿ ಅಭಿಯೋಜಕರ ತಕರಾರು ಶುರುವಾಗಿದ್ದೇ ‘ಆರೋಪಿ ರೌಡಿಶೀಟರ್’ ಎಂದು. ನನಗೆ ಸಿಟ್ಟು ಬಂದದ್ದು ಅಲ್ಲೇ.

ರೌಡಿಶೀಟ್ ತೆರೆಯುವವರು ನ್ಯಾಯಾಧೀಶರಲ್ಲ. ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶದಡಿ ಠಾಣೆಯವರು ಹೆಸರು ಕಳಿಸುತ್ತಾರೆ, ಮೇಲಧಿಕಾರಿ ಒಪ್ಪುತ್ತಾರೆ, ಅಷ್ಟೆ. ನಮ್ಮ ಬೀದಿಯ ದರ್ಜಿಯೊಬ್ಬರ ಹೆಸರು ಹರೆಯದಲ್ಲಿ ಬಾರಿನ ಎದುರಿನ ಹೊಡೆದಾಟವೊಂದರ ಕೇಸಿಗೆ ಸೇರಿತ್ತು. ಸಾಕ್ಷಿಗಳು ಗುರುತಿಸಲಿಲ್ಲ, ಖುಲಾಸೆಯಾಯಿತು. ಹಾಳೆ ಮಾತ್ರ ಮುಚ್ಚಲಿಲ್ಲ. ಗಣೇಶನ ಹಬ್ಬ ಬಂದರೂ ಚುನಾವಣೆ ಬಂದರೂ ಪರೇಡಿಗೆ ಕರೆ. ನೆಲದ ಮೇಲೆ ಕುಳಿತು, ಮಗನ ವಯಸ್ಸಿನ ಸಬ್ ಇನ್‌ಸ್ಪೆಕ್ಟರ್ ಏಕವಚನದಲ್ಲಿ ಬೈಯುವುದನ್ನು ಕೇಳಿ, ಮತ್ತೆ ಬಂದು ಹೊಲಿಗೆ ಯಂತ್ರದ ಮುಂದೆ ಕೂರುತ್ತಾರೆ. ‘ಮಗಳನ್ನ ನೋಡೋಕೆ ಬರೋರು ಮೊದಲು ಸ್ಟೇಷನ್ನಲ್ಲಿ ವಿಚಾರಿಸ್ಕೊಂಡು ಬರ್ತಾರೆ ಸಾರ್’ ಅಂದಿದ್ದರು. ನಾಳೆ ಯಾವುದೋ ಜಗಳದಲ್ಲಿ ಅವರ ಹೆಸರು ಬಂದರೆ ಅದೇ ಹಾಳೆ ಕೋರ್ಟಿನ ಮೇಜಿನ ಮೇಲಿರುತ್ತದೆ.

ಇದು ಹಳೆಯ ರೋಗ. ಉತ್ತರ ಪ್ರದೇಶದ ಖರಕ್ ಸಿಂಗ್ ಮೇಲೆ 1941ರಲ್ಲಿ ಡಕಾಯಿತಿ ಆರೋಪ ಬಂತು; ಸಾಕ್ಷ್ಯವಿಲ್ಲದೆ ಬಿಟ್ಟುಬಿಟ್ಟರು. ಆದರೂ ಠಾಣೆಯಲ್ಲಿ ಅವರ ಹೆಸರಿನ ಕಡತ ತೆರೆಯಿತು, ರಾತ್ರಿ ಬಾಗಿಲು ಬಡಿಯುವುದು ಶುರುವಾಯಿತು. 1962ರಲ್ಲಿ ಸುಪ್ರೀಂ ಕೋರ್ಟು ರಾತ್ರಿಯ ಮನೆಭೇಟಿಯನ್ನಷ್ಟೇ ರದ್ದು ಮಾಡಿ ಉಳಿದ ಕಣ್ಗಾವಲನ್ನು ಹಾಗೇ ಬಿಟ್ಟಿತು. ಇಡೀ ಕಣ್ಗಾವಲೇ ಸಂವಿಧಾನಕ್ಕೆ ವಿರುದ್ಧ ಎಂದ ನ್ಯಾಯಮೂರ್ತಿ ಸುಬ್ಬರಾವ್ ಅವರದು ಅಲ್ಪಮತವಾಯಿತು. ಖಾಸಗಿತನ ಮೂಲಭೂತ ಹಕ್ಕಲ್ಲ ಎಂದಿದ್ದ ಆ ತೀರ್ಪಿನ ಭಾಗ ಬಿದ್ದುಹೋಗಲು 2017ರವರೆಗೆ ಕಾಯಬೇಕಾಯಿತು. ಬೀಳಿಸಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿ.

ಇಂಗ್ಲೆಂಡಿನಲ್ಲೂ ಪೊಲೀಸರು ಕೊಡುವ ಔಪಚಾರಿಕ ಎಚ್ಚರಿಕೆ, ಅಂದರೆ ‘ಕಾಷನ್’, ಮುಂದೊಂದು ದಿನ ವಿಚಾರಣೆಯಲ್ಲಿ ಆರೋಪಿಯ ವಿರುದ್ಧ ಬರಬಹುದು. ಆದರೆ ಅದನ್ನು ಕೊಡಬೇಕಾದರೆ ವ್ಯಕ್ತಿ ತಪ್ಪನ್ನು ಒಪ್ಪಿಕೊಂಡಿರಬೇಕು. ಅಷ್ಟಿದ್ದೂ, ವಕೀಲರ ಸಲಹೆ ಇಲ್ಲದೆ ಪಡೆದ ಕಾಷನ್ನನ್ನು ಕೋರ್ಟು ವಿಧಿಸಿದ ಶಿಕ್ಷೆಯಂತೆ ತೂಗಲಾಗದು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಎಚ್ಚರಿಸಿತು. ನಮ್ಮ ರೌಡಿಶೀಟಿಗೆ ಆರೋಪಿಯ ಒಪ್ಪಿಗೆಯೂ ಬೇಡ, ಸಹಿಯೂ ಬೇಡ.

ಕಾನೂನಿನಲ್ಲಿ ಕೊರತೆಯಿಲ್ಲ. ಆರೋಪಿ ತಾನು ಸಂಭಾವಿತನೆಂದು ತಾನಾಗಿ ಸಾಕ್ಷ್ಯ ತರದ ಹೊರತು ಅವನ ಕೆಟ್ಟ ನಡತೆ ಅಪ್ರಸ್ತುತ ಎಂದು 1872ರ ಸಾಕ್ಷ್ಯ ಕಾಯ್ದೆಯ 54ನೇ ಕಲಂ ಹೇಳಿತ್ತು; ಈಗಿನ ಸಾಕ್ಷ್ಯ ಅಧಿನಿಯಮದ 49ನೇ ಕಲಂ ಅದನ್ನೇ ಹೇಳುತ್ತದೆ. ತಪ್ಪುವುದು ಜಾಮೀನಿನ ಹಂತದಲ್ಲಿ. ಅಲ್ಲಿ ಹಳೆಯ ಕೇಸುಗಳನ್ನು ನೋಡಬಹುದು, ನೋಡಲಿ. ಆದರೆ ಅವುಗಳಿಂದಲೇ ಜಾಮೀನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2012ರಲ್ಲೂ ಹೇಳಿದೆ, 2020ರಲ್ಲೂ ಹೇಳಿದೆ. ಆ ಮಾತು ಕೆಳಗಿನ ಕೋರ್ಟಿನವರೆಗೆ ಇಳಿಯುವುದಿಲ್ಲ. ಮೇಲಿನ ಕೋರ್ಟು ತಿದ್ದುವಷ್ಟರಲ್ಲಿ ಆ ಮನುಷ್ಯ ಜೈಲಿನಲ್ಲಿ ತಿಂಗಳುಗಟ್ಟಲೆ ಕಳೆದಿರುತ್ತಾನೆ, ಕೆಲಸ ಹೋಗಿರುತ್ತದೆ, ಬಾಡಿಗೆ ಮನೆಯೂ ಹೋಗಿರುತ್ತದೆ. ಅದನ್ನು ಯಾವ ಮೇಲ್ಮನವಿಯೂ ತಂದುಕೊಡುವುದಿಲ್ಲ.

ಮ್ಯಾಜಿಸ್ಟ್ರೇಟರು ಒಂದು ಪ್ರಶ್ನೆ ಕೇಳಿದರೆ ಸಾಕು: ಈ ಹಾಳೆಯಲ್ಲಿರುವ ಒಂದೊಂದು ಕೇಸೂ ಏನಾಯಿತು? ಉತ್ತರ ಬರೆದು ಕೊಡದಿದ್ದರೆ ಆ ಸಾಲನ್ನು ಹೊಡೆದುಹಾಕಲಿ. ಖುಲಾಸೆಯಾದ ಕೇಸೆಂದು ಗೊತ್ತಿದ್ದೂ ಅದನ್ನು ಮುಚ್ಚಿಟ್ಟು ‘ರೌಡಿಶೀಟರ್’ ಎಂದು ತಕರಾರು ಬರೆಯುವ ಅಭಿಯೋಜಕರು ಕೋರ್ಟಿಗೆ ಸುಳ್ಳು ಹೇಳುತ್ತಿದ್ದಾರೆ. ಹಾಳೆ ತೆರೆಯಲೇಬೇಕೆಂದಿದ್ದರೆ ಅವರ ಹೆಸರಿಗೆ ತೆರೆಯಿರಿ.