ಕಾಮಾಠಿಪುರ: ಕೊಳೆ ತೊಳೆಯುವವರ ಮುಂದಿರುವ ಪ್ರಶ್ನೆ

ಮುಂಬಯಿ ಸೆಂಟ್ರಲ್ ಮತ್ತು ಗ್ರಾಂಟ್ ರೋಡ್ ನಿಲ್ದಾಣಗಳ ಆಸುಪಾಸಿನಲ್ಲಿರುವ ಕಾಮಾಠಿಪುರದ ಗಲ್ಲಿಗಳನ್ನು ಒಟ್ಟಾಗಿ ಕೆಡವಿ ಹೊಸದಾಗಿ ಕಟ್ಟುವ ಸಮೂಹ ಪುನರಭಿವೃದ್ಧಿ ಯೋಜನೆಗೆ ಮಹಾರಾಷ್ಟ್ರ ಸರ್ಕಾರವು 2023ರಲ್ಲಿ ಒಪ್ಪಿಗೆಯಿತ್ತಿತು. ಸುಮಾರು 34 ಎಕರೆ ನೆಲ, ನೂರಾರು ಶಿಥಿಲ ಕಟ್ಟಡಗಳು, ಎಂಟು ಸಾವಿರದಷ್ಟು ಬಾಡಿಗೆದಾರರು ಮತ್ತು ಮಾಲೀಕರು. ಹೊಣೆ ಹೊತ್ತಿರುವುದು ಮ್ಹಾಡಾ. ನಗರದ ಹೃದಯಭಾಗದಲ್ಲಿದ್ದೂ ನಗರವು ನೋಡಲಿಚ್ಛಿಸದ ಈ ಮೊಹಲ್ಲೆಯ ಮುಖ ಬದಲಾಗಲಿದೆ ಎಂಬ ಸುದ್ದಿಯನ್ನು ಸ್ವಾಗತಿಸದವರು ವಿರಳ. ನಾವೂ ಸ್ವಾಗತಿಸುತ್ತೇವೆ. ಆದರೆ ಸ್ವಾಗತದ ಜೊತೆಯಲ್ಲೇ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ. ಅವುಗಳಲ್ಲಿ ಒಂದಾದರೂ ಹೊರನಾಡ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಲಿ. ಇರುವುದನ್ನು ಇರುವಂತೆಯೇ ಬಿಡಿ ಎನ್ನುವುದು ಕರುಣೆಯಲ್ಲ. 2017ರ ಆಗಸ್ಟ್ 31ರಂದು ಸಮೀಪದ ಭೆಂಡಿ ಬಜಾರಿನ ಒಂದು ಹಳೆಯ ಕಟ್ಟಡ ಕುಸಿದು 33 ಜನ ಸತ್ತರು. ಆ ಕಟ್ಟಡವೂ ಪುನರಭಿವೃದ್ಧಿಯ ಪಟ್ಟಿಯಲ್ಲಿತ್ತು. ಆದರೆ ಪಟ್ಟಿ ಗೋಡೆಗೆ ಆಸರೆಯಾಗಲಿಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆಯಿಂದಾಗಿ ಬಾಡಿಗೆ ಏರಲಿಲ್ಲ, ಬಾಡಿಗೆ ಏರದ್ದರಿಂದ ಮಾಲೀಕರು ದುರಸ್ತಿ ಮಾಡಿಸಲಿಲ್ಲ. 1969ರಲ್ಲಿ ತೆರಿಗೆ ವಿಧಿಸಿ ದುರಸ್ತಿ ಮಂಡಳಿಯನ್ನು ಸ್ಥಾಪಿಸಿದರೂ ರೋಗ ಮದ್ದಿಗಿಂತ ವೇಗವಾಗಿ ಬೆಳೆಯಿತು. ಕಾಮಾಠಿಪುರದ ಕತ್ತಲೆಯ ಕೋಣೆಗಳು, ತುಂಬಿ ಹರಿಯುವ ಚರಂಡಿಗಳು, ಮಾಳಿಗೆಯಲ್ಲಿ ನೇತಾಡುವ ವಿದ್ಯುತ್ ತಂತಿಗಳು ಹೀಗೆ ಹುಟ್ಟಿದವು. ಇವು ಹೋಗಲೇಬೇಕು.

ಎರಡನೆಯದು ಮಾದಕ ದ್ರವ್ಯ. 1980ರ ದಶಕದಲ್ಲಿ ಬ್ರೌನ್ ಶುಗರ್ ಈ ನಗರದ ಬಡ ಕೇರಿಗಳಿಗೆ ನುಗ್ಗಿತು. ಈಚಿನ ವರ್ಷಗಳಲ್ಲಿ ಅದರ ಪಕ್ಕದಲ್ಲಿ ‘ಎಂ.ಡಿ.’ ಎಂಬ ಮೆಫೆಡ್ರೋನ್ ಬಂದು ಕೂತಿದೆ. ಅದನ್ನು ಕಾನೂನು ನಿಷಿದ್ಧ ಪಟ್ಟಿಗೆ ಸೇರಿಸಿದ್ದು 2015ರಲ್ಲಿ. ಶಾಲೆಗೆ ಹೋಗುವ ಮಕ್ಕಳಿರುವ ತಾಯಂದಿರಿಗೆ ಗಲ್ಲಿಯ ತಿರುವಿನಲ್ಲಿ ನಿಂತ ಮಾರಾಟಗಾರನ ಭಯ ನಿಜವಾದ ಭಯ. ಆದರೆ ಕಟ್ಟಡ ಕೆಡವಿದರೆ ವ್ಯಾಪಾರ ಕೆಡುವುದಿಲ್ಲ. ಅದು ಮುಂದಿನ ರೈಲು ನಿಲ್ದಾಣಕ್ಕೆ ಹೋಗುತ್ತದೆ. 1985ರ ಮಾದಕ ದ್ರವ್ಯ ಕಾಯಿದೆಯಲ್ಲಿ ಸೇವಿಸಿದವನಿಗೆ ಶಿಕ್ಷೆಯಿರುವಂತೆಯೇ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಯನ್ನು ವಿಚಾರಣೆಯಿಂದ ಬಿಡುಗಡೆ ಮಾಡುವ 64ಎ ಎಂಬ ಕಲಮೂ ಇದೆ. ಚಿಕಿತ್ಸೆಯ ಬಾಗಿಲು ಹತ್ತಿರದಲ್ಲಿಲ್ಲದಿದ್ದರೆ ಆ ಕಲಮು ಕಾಗದದಲ್ಲೇ ಉಳಿಯುತ್ತದೆ. ಹೊಸ ಬಡಾವಣೆಯ ನಕ್ಷೆಯಲ್ಲಿ ವಾಹನ ನಿಲುಗಡೆಗೆ ಮಹಡಿಗಳೇ ಮೀಸಲಾಗುವಾಗ ವ್ಯಸನ ಚಿಕಿತ್ಸೆಗೆ ಎರಡು ಕೋಣೆಗಳಿಗೆ ಜಾಗವಾಗದೆ?

ಇತಿಹಾಸ ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುತ್ತದೆ. 1896ರಲ್ಲಿ ಪ್ಲೇಗ್ ಬಂದಾಗ ಬ್ರಿಟಿಷರು 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿದರು. ಅದರ ಮೊದಲ ಯೋಜನೆಯೇ ಕಾಮಾಠಿಪುರಕ್ಕೆ ಅಂಟಿಕೊಂಡಿರುವ ನಾಗಪಾಡಾ. ಅಗಲವಾದ ರಸ್ತೆಗಳು ಬಂದವು, ಗಾಳಿ ಬೆಳಕು ಬಂತು. ಆದರೆ ಕೆಡವಿದಷ್ಟು ಮನೆಗಳನ್ನು ಬಡವರಿಗೆ ಕಟ್ಟಿಕೊಡಲಿಲ್ಲ. ಎಬ್ಬಿಸಲ್ಪಟ್ಟವರು ಪಕ್ಕದ ಕೇರಿಗಳಲ್ಲಿ ತುರುಕಿಕೊಂಡರು, ಅಲ್ಲಿ ಇಕ್ಕಟ್ಟು ಇಮ್ಮಡಿಯಾಯಿತು. ಗಿರಣಿಗಳ ನೆಲದ ಕಥೆ ಇನ್ನೂ ಹತ್ತಿರದ್ದು. 1982ರ ಮುಷ್ಕರದ ನಂತರ ಮೌನವಾದ ಗಿರಣಿಗಳ ಅಂಗಳದಲ್ಲಿ ಇಂದು ಮಾಲುಗಳೂ ಗಗನಚುಂಬಿಗಳೂ ನಿಂತಿವೆ. ತೆರೆದ ಬಯಲಿಗೂ ಸಾರ್ವಜನಿಕ ವಸತಿಗೂ ಸಲ್ಲಬೇಕಿದ್ದ ಪಾಲನ್ನು 2001ರ ನಿಯಮ ತಿದ್ದುಪಡಿ ಕಿರಿದಾಗಿಸಿತು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನೆಲದ ಬೆಲೆ ಏರಿದಾಗ ಅದರ ಮೇಲಿರುವ ಮನುಷ್ಯನ ಬೆಲೆ ಇಳಿಯುವುದು ಈ ನಗರದ ಹಳೆಯ ಲೆಕ್ಕ.

ಹೊಸ ಯೋಜನೆಯಲ್ಲಿ ಅರ್ಹರಿಗೆ 500 ಚದರ ಅಡಿಯ ಮನೆ ಸಿಗಲಿದೆ ಎನ್ನಲಾಗಿದೆ. ‘ಅರ್ಹರು’ ಎಂಬ ಪದದಲ್ಲೇ ಎಲ್ಲವೂ ಅಡಗಿದೆ. ಸರ್ಕಾರಿ ಕಡತಗಳೊಡನೆ ಬಾಳು ಕಳೆದವರಿಗೆ ಗೊತ್ತು: ಕಡತಕ್ಕೆ ಕಾಣುವುದು ರಸೀದಿ, ಮನುಷ್ಯನಲ್ಲ. ಜರಿ ಕೆಲಸದ ಕೋಣೆಯಲ್ಲೇ ಮಲಗುವ ಹುಡುಗ, ಭಂಗಾರದ ಅಂಗಡಿಯ ಕೂಲಿ ಇವರ ಬಳಿ ಬಾಡಿಗೆಯ ರಸೀದಿಯಿಲ್ಲ. ಎಲ್ಲರಿಗಿಂತ ಕಡೆಯವರು, ಈ ಮೊಹಲ್ಲೆಯ ಹೆಸರನ್ನು ಕೆಡಿಸಿದವರೆಂದು ಊರು ದೂರುವ ಆ ಹೆಂಗಸರು. ವೇಶ್ಯಾಗೃಹಕ್ಕೆ ಜಾಗ ಕೊಡುವುದು 1956ರ ಕಾಯಿದೆಯ ಪ್ರಕಾರ ಅಪರಾಧ. ಆದ್ದರಿಂದ ಅವರಿಗೆ ರಸೀದಿ ಕೊಡುವ ಮಾಲೀಕ ಇರಲಾರ. ಇಪ್ಪತ್ತು ಮೂವತ್ತು ವರ್ಷ ಒಂದೇ ಮಂಚಕ್ಕೆ ದಿನದ ಲೆಕ್ಕದಲ್ಲಿ ಹಣ ತೆತ್ತವಳು ಕಾಗದದ ಮೇಲೆ ಅಲ್ಲಿ ಒಂದು ದಿನವೂ ಇರಲಿಲ್ಲ.

ಈ ಹೆಂಗಸರಲ್ಲಿ ನೇಪಾಳದವರು, ಬಂಗಾಳದವರು, ಆಂಧ್ರದವರು ಇದ್ದಂತೆ ಕನ್ನಡದವರೂ ಇದ್ದಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಿಂದ ಮುತ್ತು ಕಟ್ಟಿಸಿಕೊಂಡ ಹುಡುಗಿಯರು ತಲೆಮಾರುಗಳ ಕಾಲ ಈ ಗಲ್ಲಿಗಳಿಗೆ ಬಂದರು. ಕರ್ನಾಟಕವು ದೇವದಾಸಿ ಪದ್ಧತಿಯನ್ನು 1982ರ ಶಾಸನದಿಂದ ನಿಷೇಧಿಸಿತು. ಆದರೂ 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿಯರನ್ನು ಗುರುತಿಸಿದವು. ರಾಜ್ಯದ ಗಡಿ ದಾಟಿದವರನ್ನು ಯಾರು ಎಣಿಸಬೇಕು? ನಮ್ಮ ಸಂಘಗಳು ಹೋಟೆಲಿನ ಹುಡುಗರಿಗಾಗಿ ರಾತ್ರಿಶಾಲೆ ನಡೆಸಿದ ಹೆಮ್ಮೆಯ ಪರಂಪರೆ ನಮ್ಮದು. ಅದೇ ಊರಿನಲ್ಲಿ, ಅದೇ ಭಾಷೆಯಲ್ಲಿ ಮಗುವನ್ನು ತೂಗುವ ತಾಯಿಯೂ ಹೊರನಾಡ ಕನ್ನಡಿತಿಯೇ.

1996ರ ಫೆಬ್ರವರಿಯಲ್ಲಿ ಪೊಲೀಸರು ಇಲ್ಲಿ ದಾಳಿ ಮಾಡಿ ನಾನೂರಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿದರು. ಬಿಡಿಸಿದ ಮೇಲೆ ಎಲ್ಲಿಡುವುದೆಂಬ ಯೋಚನೆ ಮೊದಲೇ ಆಗಿರಲಿಲ್ಲ; ಆಶ್ರಯಧಾಮಗಳು ಕಿಕ್ಕಿರಿದವು. ಮುಂದಿನ ವರ್ಷಗಳಲ್ಲಿ ಕಾಮಾಠಿಪುರದ ಹೆಂಗಸರ ಸಂಖ್ಯೆ ಬಹಳವಾಗಿ ಇಳಿಯಿತು. ಅವರು ಮುಕ್ತರಾದರೆಂದಲ್ಲ, ಬಹಳ ಮಂದಿ ಭಿವಂಡಿ, ತುರ್ಭೆಯ ಕಡೆಗೆ ಸರಿದರು. ಅಲ್ಲಿ ದವಾಖಾನೆ ದೂರ, ಮಕ್ಕಳ ಬಾಲವಾಡಿ ದೂರ, ಪರಿಚಯದ ಕಾರ್ಯಕರ್ತೆ ಇನ್ನೂ ದೂರ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಒಂದು, ಸಮೀಕ್ಷೆಯು ರಸೀದಿಯುಳ್ಳವರನ್ನಷ್ಟೇ ಅಲ್ಲ, ಅಲ್ಲಿ ಮಲಗಿ ಏಳುವ ಪ್ರತಿಯೊಬ್ಬರನ್ನೂ ದಾಖಲಿಸಲಿ. ವೃತ್ತಿ ಯಾವುದೇ ಇರಲಿ ಘನತೆಯ ಬದುಕು ಎಲ್ಲರ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ಹೇಳಿದೆ. ವಿಳಾಸದ ಪುರಾವೆಯಿಲ್ಲದ ಈ ಹೆಂಗಸರಿಗೆ ನ್ಯಾಕೋ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಲು ದಾರಿಯಾಗಿದೆ. ಗುರುತು ಕೊಟ್ಟ ಸರ್ಕಾರ ನೆಲೆಯ ವಿಷಯದಲ್ಲಿ ಕಣ್ಣು ಮುಚ್ಚಲಾಗದು. ಎರಡು, ಎಲ್ಲರಿಗೂ ಸ್ವಂತ ಮನೆ ಅಸಾಧ್ಯವಾದರೆ ಕಡಿಮೆ ಬಾಡಿಗೆಯ ಕೋಣೆಗಳೂ ಮಹಿಳಾ ನಿಲಯವೂ ಯೋಜನೆಯ ಅಂಗವಾಗಲಿ. ಮೂರು, ಮನೆ ಪಡೆದವರು ಲಿಫ್ಟು ನೀರಿನ ಮಾಸಿಕ ವೆಚ್ಚ ಭರಿಸಲಾರದೆ ಮಾರಿ ಹೋಗದಂತೆ ನಿರ್ವಹಣಾ ನಿಧಿಯನ್ನು ಕಟ್ಟುವವರೇ ಮೊದಲು ಠೇವಣಿ ಇಡಲಿ.

ನಾಲ್ಕನೆಯದು ನಮಗೇ. ಸಮೀಕ್ಷೆಯ ನಮೂನೆ ಮರಾಠಿಯಲ್ಲಿರುತ್ತದೆ, ಉತ್ತರ ಕೊಡುವವಳ ನಾಲಗೆ ಕನ್ನಡದ್ದು. ನಮ್ಮ ಸದಸ್ಯರಲ್ಲಿ ವಕೀಲರಿದ್ದಾರೆ, ವೈದ್ಯರಿದ್ದಾರೆ, ನಿವೃತ್ತ ಅಧ್ಯಾಪಕಿಯರಿದ್ದಾರೆ. ವಾರಕ್ಕೊಂದು ಮಧ್ಯಾಹ್ನ ಆ ಗಲ್ಲಿಯಲ್ಲಿ ಈಗಾಗಲೇ ದುಡಿಯುತ್ತಿರುವ ಸಂಸ್ಥೆಗಳ ಜೊತೆ ಕೂತು ಒಂದು ಅರ್ಜಿ ತುಂಬಿಸಿಕೊಡುವುದು, ಒಂದು ಮಗುವಿಗೆ ಶಾಲೆಯ ಬಾಗಿಲು ತೋರಿಸುವುದು ಕಷ್ಟದ ಕೆಲಸವಲ್ಲ. ರಾಜ್ಯೋತ್ಸವದ ವೇದಿಕೆಗೆ ನಾವು ಖರ್ಚು ಮಾಡುವ ಹಣದ ಒಂದಂಶ ಇದಕ್ಕೆ ಸಾಕು. ಆಸಕ್ತರು ಸಂಘದ ಕಚೇರಿಯಲ್ಲಿ ಹೆಸರು ಕೊಡಬೇಕೆಂದು ಕೋರುತ್ತೇವೆ. ಕೆಡವುವ ಯಂತ್ರ ಬಂದ ಮೇಲೆ ಪಟ್ಟಿಗೆ ಹೆಸರು ಸೇರಿಸಲಾಗುವುದಿಲ್ಲ.