ಎಲ್ಲಾ ತಪ್ಪೂ ನೀರಿಂದೇನಾ?

ಕಮ್ಮನಹಳ್ಳಿಯಲ್ಲಿ ಬಾಡಿಗೆಗಿರೋರಿಗೆ ಒಂದು ಅನುಕೂಲ ಇದೆ. ಕೂದಲು ಉದುರಲಿ, ಮೊಡವೆ ಏಳಲಿ, ಮೈ ತುರಿಸಲಿ, ‘ಟ್ಯಾಂಕರ್ ನೀರು ಕಣ್ರೀ’ ಅಂದುಬಿಟ್ಟರೆ ಮುಗೀತು. ಯಾರೂ ಎರಡನೇ ಪ್ರಶ್ನೆ ಕೇಳಲ್ಲ.

ನಮ್ಮನೇಲೂ ಹಾಗೇ ಆಯ್ತು. ಮೇ ತಿಂಗಳಲ್ಲಿ ಗಂಡನ ಕೂದಲು ಬಾತ್‌ರೂಮಿನ ಜಾಲರಿಯಲ್ಲಿ ಹಿಡಿಹಿಡಿ ಸಿಗೋಕೆ ಶುರುವಾದಾಗ ಶವರ್‌ಗೆ ಫಿಲ್ಟರ್ ಹಾಕಿಸಿದ್ವಿ. ಎರಡು ಸಲ ಶಾಂಪೂ ಬದಲಾಯಿಸಿದ್ವಿ. ನನ್ನ ಕುತ್ತಿಗೆಯ ಹಿಂದೆ ನಾಣ್ಯದಷ್ಟಗಲ ಚರ್ಮ ಒರಟಾಗಿ, ಕಪ್ಪಾಗಿ ನಿಂತಿತ್ತು. ಅದರ ಪಾಪವನ್ನೂ ನೀರಿನ ತಲೆಗೇ ಕಟ್ಟಿದ್ವಿ.

ನಿಜ ವಿಷಯ ಏನಂದ್ರೆ, ಫೆಬ್ರವರಿ ಕೊನೇ ವಾರದಲ್ಲಿ ಅವನ ಕೆಲಸ ಹೋಗಿತ್ತು. ಹದಿನೈದು ನಿಮಿಷದ ಒಂದು ಕಾಲ್, ಲ್ಯಾಪ್‌ಟಾಪ್ ವಾಪಸ್ ಕೊಡೋಕೆ ಒಂದು ತಾರೀಕು, ಅಷ್ಟೆ. ಎರಡೂ ಮನೆಗೆ ಹೇಳೋದು ಬೇಡ, ಇನ್ನೊಂದು ಸಿಕ್ಕಮೇಲೆ ಹೇಳಿದ್ರಾಯ್ತು ಅಂತ ಇಬ್ಬರೂ ಮಾತಾಡಿಕೊಂಡ್ವಿ. ಬಾಡಿಗೆ, ಕಾರಿನ ಇಎಂಐ ಎರಡೂ ನನ್ನ ಸಂಬಳದ ಮೇಲೆ ಬಿತ್ತು. ನಮ್ಮ ಟೀಮಿನಲ್ಲೂ ಗುಸುಗುಸು ಶುರುವಾಗಿತ್ತು. ಸಂಜೆ ಆರೂವರೆಗೆ ಅಮೆರಿಕದವರ ಜೊತೆ ಕಾಲ್ ಇರುತ್ತೆ. ಆಗ ನನ್ನ ಎಡಗೈ ತಾನಾಗೇ ಕುತ್ತಿಗೆಗೆ ಹೋಗೋದು. ರಾತ್ರಿ ನಿದ್ದೆಯಲ್ಲೂ ಅಷ್ಟೇ, ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಸಣ್ಣ ರಕ್ತದ ಚುಕ್ಕೆ.

ಒಂದು ದಿನ ಮೇನ್ ರೋಡಿಗೆ ಶವರ್ಮಾ ತರೋಕೆ ಹೋದೋಳು ದಾರಿಯಲ್ಲಿದ್ದ ಮೆಡಿಕಲ್ ಶಾಪಿನಲ್ಲಿ ಕುತ್ತಿಗೆ ತೋರಿಸಿದೆ. ಆತ ಸರಿಯಾಗಿ ನೋಡೋಕೂ ಮುಂಚೆ ಟ್ಯೂಬ್ ಎತ್ತಿಟ್ಟ. ‘ಮೂರು ದಿನಕ್ಕೆ ಹೋಗತ್ತೆ ಮೇಡಂ.’ ಹೋಯ್ತು ಕೂಡ! ಆ ಖುಷಿಗೆ ಗಲ್ಲದ ಮೊಡವೆಗೂ ಹಚ್ಚಿದೆ, ವಾರಗಟ್ಟಲೆ ಹಚ್ಚಿದೆ. ನಿಲ್ಲಿಸಿದ ಮೇಲೆ ಕುತ್ತಿಗೆ ಮೊದಲಿಗಿಂತ ಜೋರಾಗಿ ತುರಿಸ್ತು, ಗಲ್ಲ ಕೆಂಪಾಗಿ ಉರಿಯೋಕೆ ಶುರುವಾಯ್ತು. ಆಮೇಲೆ ಟ್ಯೂಬಿನ ಸಣ್ಣಕ್ಷರ ಓದಿದೆ. ಸ್ಟೀರಾಯ್ಡ್, ಫಂಗಸ್ ಔಷಧ, ಆ್ಯಂಟಿಬಯಾಟಿಕ್, ಮೂರೂ ಸೇರಿದ ಮಿಶ್ರಣ. ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿದೆ, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಕೌಂಟರಿನಲ್ಲಿ ಯಾರೂ ಚೀಟಿ ಕೇಳಲಿಲ್ಲ. ನನಗೂ ಅದು ಬೇಕು ಅಂತ ಹೊಳೀಲಿಲ್ಲ. ಇನ್ನು ಹುಳುಕಡ್ಡಿ ಇದ್ದೋರು ಇಂಥದ್ದನ್ನ ಹಚ್ಚಿದ್ರೆ ಕೆಂಪು ತಗ್ಗಿ ವಾಸಿಯಾದ ಹಾಗೆ ಕಾಣತ್ತೆ, ಫಂಗಸ್ ಮಾತ್ರ ಆರಾಮಾಗಿ ಹರಡ್ತಾ ಇರತ್ತೆ.

ಜೂನ್‌ನಲ್ಲಿ ಹಾಸನದಿಂದ ಅಮ್ಮ ಬಂದ್ರು. ಭಾನುವಾರ ‘ತಲೆಗೆ ಎಣ್ಣೆ ಹಚ್ತೀನಿ ಕೂತ್ಕೋ’ ಅಂತ ಕೂರಿಸಿಕೊಂಡು ಜಡೆ ಎತ್ತಿದ್ರು.

‘ಏನೇ ಇದು?’

‘ನೀರು ಸರಿಯಿಲ್ಲಮ್ಮ ಇಲ್ಲಿ.’

‘ಉಷ್ಣ ಆಗಿದೆ’ ಅಂದ್ರು. ಅಮ್ಮನ ಪ್ರಕಾರ ಜಗತ್ತಿನ ಅರ್ಧ ಕಾಯಿಲೆ ಉಷ್ಣದಿಂದ, ಇನ್ನರ್ಧ ದೃಷ್ಟಿಯಿಂದ. ಸ್ವಲ್ಪ ಹೊತ್ತು ಸುಮ್ಮನೆ ಎಣ್ಣೆ ತಿಕ್ಕಿದವರು ಮೆಲ್ಲಗೆ ಕೇಳಿದ್ರು. ‘ಅಳಿಯಂದ್ರು ನಾನು ಬಂದಾಗಿಂದ ಮನೇಲೇ ಇದಾರೆ. ವರ್ಕ್ ಫ್ರಮ್ ಹೋಮ್ ಅಂದ್ರೆ ಲ್ಯಾಪ್‌ಟಾಪ್ ತೆರೀಬೇಕಲ್ವೇನೇ?’

ನಾಲ್ಕು ತಿಂಗಳದ್ದು ಒಂದೇ ಸಲ ಹೊರಗೆ ಬಂತು. ಅತ್ತು ಮುಗಿಸಿದ ಮೇಲೆ ಅಮ್ಮ ಅಂದಿದ್ದು, ‘ಇಷ್ಟೇನಾ? ನೀವಿಬ್ರೂ ಜಗಳ ಆಡ್ಕೊಂಡಿದೀರೇನೋ ಅಂತ ಹೆದರಿದ್ದೆ.’

ಮಾರನೇ ದಿನ ಅಮ್ಮನೇ ಮುಂದೆ ನಿಂತು ಇಬ್ಬರನ್ನೂ ಚರ್ಮದ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. (ಖಾಸಗಿ ಫೀಸು ಜಾಸ್ತಿ ಅನ್ನೋರಿಗೆ ಶಿವಾಜಿನಗರದ ಬೌರಿಂಗ್ ಆಸ್ಪತ್ರೇಲೂ ಚರ್ಮರೋಗ ವಿಭಾಗ ಇದೆ.) ಡಾಕ್ಟರ್ ಮೊದಲು ಕೇಳಿದ್ದು ಶಾಂಪೂ ಬಗ್ಗೆ ಅಲ್ಲ, ತಾರೀಕುಗಳ ಬಗ್ಗೆ. ದೊಡ್ಡ ಆಘಾತ, ಜ್ವರ, ಹೆರಿಗೆ, ಇಂಥದ್ದಾದಾಗ ಎಷ್ಟೋ ಕೂದಲು ಬೆಳೆಯೋದು ಬಿಟ್ಟು ಒಟ್ಟಿಗೇ ವಿಶ್ರಾಂತಿಗೆ ಹೋಗ್ತವಂತೆ. ಉದುರೋದು ಎರಡು ಮೂರು ತಿಂಗಳಾದ ಮೇಲೆ. ಫೆಬ್ರವರಿಯ ಏಟು ಮೇನಲ್ಲಿ ಜಾಲರಿಗೆ ಬಂದಿತ್ತು. ಅಷ್ಟು ಹೊತ್ತಿಗೆ ನಾವು ನೀರಿನ ಜೊತೆ ಜಗಳಕ್ಕೆ ಬಿದ್ದಿದ್ವಿ. ಥೈರಾಯ್ಡ್, ಕಬ್ಬಿಣಾಂಶ ನೋಡೋಕೆ ಅವನಿಗೆ ರಕ್ತಪರೀಕ್ಷೆ ಬರೆದು, ‘ಸಾಮಾನ್ಯವಾಗಿ ವಾಪಸ್ ಬರುತ್ತೆ, ಕೆಲವು ತಿಂಗಳು ಕಾಯಿರಿ’ ಅಂದ್ರು.

ನನ್ನದು ಇಸುಬಿನ ಒಂದು ಬಗೆ. ತುರಿಕೆಗೆ ಕೆರೀತೀವಿ, ಕೆರೆದಷ್ಟೂ ಚರ್ಮ ದಪ್ಪಗಾಗತ್ತೆ, ದಪ್ಪಗಾದಷ್ಟೂ ತುರಿಸತ್ತೆ. ಟೆನ್ಶನ್ ಈ ಚಕ್ರಕ್ಕೆ ಎಣ್ಣೆ ಹಾಕತ್ತೆ. ಭ್ರೂಣದಲ್ಲಿ ಚರ್ಮ, ಮಿದುಳು ಎರಡೂ ಒಂದೇ ಪದರದಿಂದ ಹುಟ್ಟೋದು. ಮನಸ್ಸು ಒತ್ತಡದಲ್ಲಿದ್ದಾಗ ಚರ್ಮ ತನ್ನ ರಿಪೇರಿಯನ್ನೂ ನಿಧಾನ ಮಾಡತ್ತೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು, ಮರೆವಿನ ಕಾಯಿಲೆಯ ಹಿರಿಯರನ್ನು ಮನೇಲಿ ನೋಡಿಕೊಳ್ಳೋ ಹೆಂಗಸರ ತೋಳಿನ ಮೇಲೆ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ ದಿನ ಎಣಿಸಿದ್ರು. 1995ರಲ್ಲಿ ಅದರ ಫಲಿತಾಂಶ ಬಂತು. ಅಂಥ ಹೊರೆ ಇಲ್ಲದವರಿಗಿಂತ ಸರಾಸರಿ ಒಂಬತ್ತು ದಿನ ತಡವಾಗಿ ಮಾಯಿತ್ತು. ನಾನಿದನ್ನ ಓದಿ ನನ್ನ ಅಜ್ಜಿಯನ್ನ ಒಬ್ಬರೇ ನೋಡಿಕೊಂಡ ಅಮ್ಮನ ಕೈ ನೆನಪು ಮಾಡ್ಕೊಂಡೆ.

‘ಹಾಗಂತ ಎಲ್ಲಾನೂ ಟೆನ್ಶನ್ ತಲೆಗೆ ಕಟ್ಟಬೇಡಿ’ ಅಂತಲೂ ಡಾಕ್ಟರ್ ಹೇಳಿದ್ರು. ಗಡಸು ನೀರು ಚರ್ಮ ಒಣಗಿಸೋದು ನಿಜ. ಸೋರಿಯಾಸಿಸ್‌ನಂಥ ಕಾಯಿಲೆಗೆ ಅದರದ್ದೇ ಕಾರಣ ಇರುತ್ತೆ, ಟೆನ್ಶನ್ ಅದನ್ನ ಕೆರಳಿಸತ್ತೆ ಅಷ್ಟೆ. ತಮಾಷೆ ಅಂದ್ರೆ ಅವರು ನನ್ನ ಕುತ್ತಿಗೆಗೆ ಬರೆದಿದ್ದೂ ಸ್ಟೀರಾಯ್ಡೇ! ಆದರೆ ಎಷ್ಟು ಹಚ್ಚಬೇಕು, ಎಷ್ಟು ದಿನ, ಹೇಗೆ ಕಮ್ಮಿ ಮಾಡ್ತಾ ಬಿಡಬೇಕು, ಎಲ್ಲಾ ಚೀಟಿಯಲ್ಲಿತ್ತು. ಮುಖಕ್ಕೆ ಮಾತ್ರ ಕೂಡದು.

ಜೊತೆಗೊಂದು ಹೋಂವರ್ಕ್. ಕೈ ಕುತ್ತಿಗೆಗೆ ಹೋದಾಗಲೆಲ್ಲ ಫೋನಿನಲ್ಲಿ ಒಂದು ಗೀಟು ಹಾಕೋದು, ಕೆರೆಯೋ ಬದಲು ಮುಷ್ಟಿ ಬಿಗಿ ಹಿಡಿಯೋದು. ಮೊದಲ ದಿನ 61 ಗೀಟು. ಅದರಲ್ಲಿ 23 ಆರೂವರೆ ಕಾಲ್‌ನಲ್ಲೇ. (ಇದನ್ನ ಓದ್ತಿರೋ ನಿಮ್ಮ ಇನ್ನೊಂದು ಕೈ ಈಗ ಎಲ್ಲಿದೆ, ನೋಡ್ಕೊಳ್ಳಿ.) ಮೂರನೇ ವಾರಕ್ಕೆ ಒಟ್ಟು 14ಕ್ಕೆ ಇಳೀತು.

ಅವನು ಒಂದು ರಾತ್ರಿ 14416ಕ್ಕೆ ಫೋನ್ ಮಾಡಿ ಮಾತಾಡಿದ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಇದೆ. ಏನು ಮಾತಾಡಿದ ಅಂತ ನಾನು ಕೇಳಲಿಲ್ಲ. ಬಂದು ಮಲಗಿದವನು ಬೆಳಿಗ್ಗೆ ಎಂಟರವರೆಗೆ ಎದ್ದಿಲ್ಲ.

ಕೆಲಸ ಇನ್ನೂ ಸಿಕ್ಕಿಲ್ಲ, ಮೂರು ತಿಂಗಳ ಒಂದು ಕಾಂಟ್ರ್ಯಾಕ್ಟ್ ನಡೀತಿದೆ. ಅವನ ಹಣೆಯ ಅಂಚಿನಲ್ಲಿ ಕುರುಚಲು ಕೂದಲು ಬರ್ತಿದೆ. ನನ್ನ ಕುತ್ತಿಗೆ ಮೆತ್ತಗಾಗಿದೆ, ಕಪ್ಪು ಮಾತ್ರ ಇನ್ನೂ ಇದೆ. ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡೋ ಅಮ್ಮ ‘ಊಟ ಆಯ್ತಾ’ ಅಂತ ಕೇಳೋದು ಬಿಟ್ಟಿದ್ದಾರೆ. ಈಗ ಮೊದಲ ಪ್ರಶ್ನೆ, ‘ಇವತ್ತೆಷ್ಟು ಗೀಟೇ?’